ಷಡ್ಜ ಕೇಳಿದರೆ ಪಂಚಮ ಕೊಟ್ಟ

ಜೂನ್ 17, 2025, ಮಂಗಳವಾರ

ಆರು ವಾರಗಳಿಂದ ಬಿಡಿಸಲಾಗದೆ ಉಳಿದಿದ್ದ ಗಂಟೊಂದು ಇಂದು ಬೆಳಿಗ್ಗೆ ತಾನಾಗಿ ಸಡಿಲವಾಯಿತು. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತೇನೆ.

ಮಗನಿಗೆ ಆರು ವರ್ಷ, ಅವನ ಅಕ್ಕನಿಗೆ ಹತ್ತು. ಇಬ್ಬರ ಕಲಿಕೆಯೂ ಮನೆಯಲ್ಲೇ. ಓದು, ಬರಹ, ಲೆಕ್ಕಗಳ ಜೊತೆಗೆ ದಿನಕ್ಕೆ ಇಪ್ಪತ್ತು ನಿಮಿಷ ಕರ್ನಾಟಕ ಸಂಗೀತ. ಹೇಳಿಕೊಡುವವಳು ನಾನೇ. ನಾನು ಕಛೇರಿ ಮಾಡಿದವಳಲ್ಲ. ಏಳು ವರ್ಷ ಪಾಠ ಹೇಳಿಸಿಕೊಂಡಿದ್ದೇನೆ, ವರ್ಣಗಳೆಂಬ ಅಭ್ಯಾಸದ ರಚನೆಗಳವರೆಗೆ ಗಟ್ಟಿಯಾಗಿದೆ. ಸರಳೆ, ಜಂಟಿ, ಅಲಂಕಾರಗಳೆಂಬ ಆರಂಭದ ಸ್ವರಪಾಠಗಳನ್ನು ಮಕ್ಕಳಿಗೆ ಕೂಡಿಸಿಕೊಂಡು ಹಾಡಿಸಲು ಅಷ್ಟು ಸಾಕೆಂದು ನಂಬಿ ಆರಂಭಿಸಿದೆ. ಸ್ವರವನ್ನು ತೂಗಿ, ಜಾರಿಸಿ ಹಾಡುವ ಗಮಕದ ಹೊತ್ತಿಗೆ ತಿಳಿದವರ ಬಳಿ ಕಳುಹಿಸಲೇಬೇಕು. ಆದರೆ ಅದಕ್ಕಿನ್ನೂ ಕಾಲವಿದೆ.

ಮಗಳು ಹೇಳಿದ್ದನ್ನು ಹೇಳಿದಂತೆ ಹಿಡಿದಳು. ಮಗ ಮಾತ್ರ ಷಡ್ಜದಲ್ಲಿ, ಅಂದರೆ ಆಧಾರಸ್ವರವಾದ 'ಸ'ದಲ್ಲಿ, ನಿಲ್ಲುತ್ತಲೇ ಇರಲಿಲ್ಲ. ಆಧಾರನಾದವನ್ನು ಎಡೆಬಿಡದೆ ನುಡಿಸುವ ಶ್ರುತಿಪೆಟ್ಟಿಗೆಯನ್ನು ನನ್ನ ಐದು ಮನೆಗೆ (ಮನೆ ಎಂದರೆ ಷಡ್ಜದ ಎತ್ತರದ ಅಳತೆ) ಇಟ್ಟು 'ಸಾ' ಎಂದರೆ, ಅವನು ಗಲ್ಲವನ್ನು ಎದೆಗೆ ಒತ್ತಿಕೊಂಡು ಗೊಗ್ಗರು ದನಿ ತೆಗೆಯುತ್ತಿದ್ದ. ಇಲ್ಲವೇ ದಿಢೀರನೆ ಎಲ್ಲೋ ಮೇಲಕ್ಕೆ ಹಾರಿಬಿಡುತ್ತಿದ್ದ. ತಾಳದಲ್ಲಿ ಏನೂ ಕೊರತೆಯಿಲ್ಲ. ಪೆಟ್ಟು, ಮೂರು ಬೆರಳೆಣಿಕೆ, ಮತ್ತೆ ಪೆಟ್ಟು-ಹುಸಿ, ಪೆಟ್ಟು-ಹುಸಿ. ಆದಿತಾಳದ ಎಂಟು ಎಣಿಕೆಗಳನ್ನು ಅಕ್ಕನಿಗಿಂತ ಅಚ್ಚುಕಟ್ಟಾಗಿ ಹಾಕುತ್ತಾನೆ. ಸ್ವರ ಬಂದಾಗ ಮಾತ್ರ ಎಡವಟ್ಟು. 'ಶ್ರುತಿ ಸೇರಲಿಲ್ಲ ಕಂದಾ, ಇನ್ನೊಮ್ಮೆ' ಎಂದು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹೋದ ವಾರ ಅವನು, "ನನ್ನ ಗಂಟಲು ಕೆಟ್ಟುಹೋಗಿದೆಯೇನಮ್ಮಾ?" ಎಂದು ಕೇಳಿದ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಇಂದು ನಾನು ಹಾಡಲೇ ಇಲ್ಲ. ಪೆಟ್ಟಿಗೆ ಹಾಕಿ, ಕಣ್ಣು ಮುಚ್ಚಿಕೊಂಡು ಕೇಳು ಎಂದೆ. ಎರಡು ನಿಮಿಷ ಸುಮ್ಮನಿದ್ದೆವು. ಆಮೇಲೆ, "ಇದರ ಜೊತೆಗೆ ನಿನಗೆ ಹಿತವೆನಿಸುವ ಯಾವುದಾದರೂ ಒಂದು ದನಿ ತೆಗೆ" ಎಂದೆ. ಅವನು ಬಾಯಿ ತೆರೆದು 'ಆ' ಎಂದ. ಗಲ್ಲ ತಗ್ಗಲಿಲ್ಲ, ಕುತ್ತಿಗೆ ಬಿಗಿಯಲಿಲ್ಲ. ದನಿ ಪೆಟ್ಟಿಗೆಯ ನಾದದೊಳಗೆ ಹೋಗಿ ಕುಳಿತುಕೊಂಡಿತು. ನಾನು ಮೆಲ್ಲಗೆ ಸರಿಗಮ ಹತ್ತಿ ನೋಡಿದೆ. ಅವನು ನಿಂತಿದ್ದದ್ದು ಪಂಚಮದಲ್ಲಿ, ಐದನೆಯ ಸ್ವರವಾದ 'ಪ'ದಲ್ಲಿ. ಕೂದಲೆಳೆಯಷ್ಟೂ ಅತ್ತಿತ್ತ ಇರಲಿಲ್ಲ.

ಈ ಆರು ವಾರವೂ ಅವನು 'ಎಲ್ಲೋ ಮೇಲಕ್ಕೆ' ಹಾರುತ್ತಿದ್ದದ್ದು ಅಲ್ಲಿಗೇ ಎಂಬುದು ಆಗ ಹೊಳೆಯಿತು. ನನ್ನ ಷಡ್ಜ ಸೆಕೆಂಡಿಗೆ ಸುಮಾರು 196 ಕಂಪನಗಳಷ್ಟು ಕೆಳಗಿದೆ. ಆರು ವರ್ಷದ ಗಂಟಲು ಸಲೀಸಾಗಿ ಅಷ್ಟು ಕೆಳಗೆ ಇಳಿಯುವುದಿಲ್ಲ. ನನ್ನ ಪಂಚಮ 294ರ ಹತ್ತಿರ. ಅದು ಅವನ ದನಿಯ ಅಂಗಳ. ಕೈಗೆಟುಕದ ಷಡ್ಜವನ್ನು ಬಿಟ್ಟು, ಶ್ರುತಿಯೊಳಗೇ ಇರುವ ಇನ್ನೊಂದು ಸ್ವರವನ್ನು ಅವನ ಕಿವಿ ತಾನಾಗಿ ಹುಡುಕಿಕೊಂಡಿತ್ತು. ನಾನು ಅದನ್ನು ಅಪಸ್ವರವೆಂದು ತಿದ್ದುತ್ತಿದ್ದೆ.

ಪೆಟ್ಟಿಗೆಯನ್ನು ಏರಿಸಿದೆ. ಐದೂವರೆ, ಆರು, ಏಳು. ಏಳರ ನಂತರ ಎಣಿಕೆ ಮತ್ತೆ ಒಂದರಿಂದ. ಆ ಮೇಲಿನ ಒಂದು ಮನೆಗೆ, ಅಂದರೆ ಸುಮಾರು 262 ಕಂಪನಗಳಿಗೆ ಬಂದಾಗ ಅವನು 'ಸಾ' ಎಂದು ಹಿಡಿದವನು ಉಸಿರು ಮುಗಿಯುವವರೆಗೆ ಬಿಡಲಿಲ್ಲ. ಒಳಗೆ ಲೆಕ್ಕ ಮಾಡುತ್ತಿದ್ದ ಅಕ್ಕ ಪೆನ್ಸಿಲ್ ಹಿಡಿದುಕೊಂಡೇ ಓಡಿಬಂದು ಬಾಗಿಲಲ್ಲಿ ನಿಂತಳು.

ಹೆಂಗಸರು ಕಲಿಸುವಾಗ ಈ ಇಕ್ಕಟ್ಟು ಬಾರದಂತೆ ನೋಡಿಕೊಳ್ಳಬೇಕು. ತಂದೆ ಕೆಳಗಿನ ಒಂದು ಮನೆ ಶ್ರುತಿಯಲ್ಲಿ ಹಾಡಿದರೆ ಮಗು ಹಲವೊಮ್ಮೆ ಒಂದು ಸ್ಥಾಯಿ ಮೇಲೆ, ಅಂದರೆ ಎರಡರಷ್ಟು ಕಂಪನದ ಅದೇ ಸ್ವರದಲ್ಲಿ, ತಾನಾಗಿ ಸೇರಿಕೊಳ್ಳುತ್ತದೆ. ಐದು ಮನೆಯ ತಾಯಿಯ ಜೊತೆ ಹಾಗಾಗುವುದಿಲ್ಲ. ಕೆಳಗೆ ಹೋದರೆ ತಳ ಸಿಗದು, ಒಂದು ಸ್ಥಾಯಿ ಮೇಲೆ ಹೋದರೆ ಮುಂದಿನ ಸ್ವರಗಳಿಗೆ ಜಾಗವಿರದು. ಮಗುವಿಗೆ ಸಂಗೀತ ಒಗ್ಗದು ಎಂದು ತೀರ್ಮಾನಿಸುವ ಮೊದಲು ಅದು ಹಾಯಾಗಿ ಆಡಿಕೊಳ್ಳುವಾಗ ಗುನುಗುವ ದನಿ ಎಲ್ಲಿದೆ ಎಂದು ಕೇಳಿ, ಶ್ರುತಿಯನ್ನು ಅಲ್ಲಿಗೆ ಒಯ್ಯಬೇಕು. ನಾನು ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸ ಇದು.

ಮಧ್ಯಾಹ್ನದ ಲೆಕ್ಕದ ಪಾಠವನ್ನೂ ಇದೇ ನುಂಗಿತು. "ಬೇರೆ ಸ್ವರ ಹಾಡಿದರೂ ಏಕೆ ಚೆನ್ನಾಗಿ ಕೇಳಿಸಿತು?" ಎಂದು ಮಗಳು ಪಟ್ಟು ಹಿಡಿದಳು. ಒಂದು ಹಲಗೆ ತಂದು, ಎರಡು ತುದಿಗೆ ಗಟ್ಟಿ ಮರದ ಚಿಕ್ಕ ಪಟ್ಟಿಗಳನ್ನು ಅಂಟಿಸಿ, ಅವುಗಳ ನಡುವೆ ಸರಿಯಾಗಿ 60 ಸೆಂಟಿಮೀಟರ್ ಬರುವಂತೆ ಒಂದು ತಂತಿಯನ್ನು ಬಿಗಿದೆವು. ತಂತಿಯ ಕೆಳಗೆ ಪೆನ್ಸಿಲ್ ತೂರಿಸಿ ಸರಿಸುತ್ತಾ ಹೋದಳು. 30ರಲ್ಲಿ ಮೇಲಿನ ಷಡ್ಜ. 45 ಉಳಿಸಿದಾಗ ಮಧ್ಯಮ, ಅಂದರೆ 'ಮ'. 40 ಉಳಿಸಿದಾಗ ತಮ್ಮ "ನನ್ನದು, ನನ್ನದು!" ಎಂದು ಕೂಗಿದ. ಅರವತ್ತಕ್ಕೆ ನಲವತ್ತು ಎಂದರೆ ಮೂರಕ್ಕೆ ಎರಡು. ತಂತಿ ಗಿಡ್ಡವಾದಷ್ಟೂ ಕಂಪನ ಹೆಚ್ಚು, ಆದ್ದರಿಂದ ಭಿನ್ನರಾಶಿಯನ್ನು ತಿರುವಿಹಾಕಬೇಕು ಎಂದು ಅವಳೇ ಕಂಡುಕೊಂಡು, 196ನ್ನು ಮೂರರಿಂದ ಗುಣಿಸಿ ಎರಡರಿಂದ ಭಾಗಿಸಿ 294 ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಳು.

ಆದರೆ ಅವಳ ಕಿವಿಗೆ 40ರ ಪಂಚಮ ಒಂದಿಷ್ಟು ಏರಿದಂತಿತ್ತು. ಪೆನ್ಸಿಲನ್ನು 40ರಿಂದ ತುಸು ಆಚೆಗೆ, ತಂತಿ ಉದ್ದವಾಗುವ ಕಡೆಗೆ ಸರಿಸಿದ ಮೇಲೆಯೇ ಒಪ್ಪಿದಳು. ಲೆಕ್ಕ ತಪ್ಪಿತೇ ಎಂದು ಮುಖ ಸಣ್ಣದಾಯಿತು. ಪೆನ್ಸಿಲ್ ದಪ್ಪಗಿದ್ದು ತಂತಿಯನ್ನು ಮೇಲಕ್ಕೆ ಎತ್ತುತ್ತದೆ, ಎತ್ತಿದರೆ ಬಿಗಿ ಹೆಚ್ಚುತ್ತದೆ, ಬಿಗಿ ಹೆಚ್ಚಿದರೆ ಸ್ವರ ಏರುತ್ತದೆ. ತೆಳುವಾದ ಕಡ್ಡಿಯೊಂದನ್ನು ಇಟ್ಟು ನೋಡಿದಾಗ ಗುರುತು 40ರ ಕಡೆಗೆ ಮರಳಿ ಬಂತು. ಹಾಳೆಯ ಮೇಲಿನ ಸಂಖ್ಯೆಯನ್ನು ಕಿವಿ ಹೀಗೆ ಪ್ರಶ್ನಿಸಿದ್ದು ನನಗೆ ಇಂದಿನ ಎರಡನೆಯ ಸಂತೋಷ.

ಸಂಜೆ ಮೂವರೂ ಮೇಲಿನ ಒಂದು ಮನೆಯಲ್ಲೇ ಕುಳಿತೆವು. ಸರಳೆಯ ಮೊದಲ ಸಾಲು, ಮೊದಲ ಕಾಲದಲ್ಲಿ, ಅಂದರೆ ನಿಧಾನ ಗತಿಯಲ್ಲಿ ಮಾತ್ರ. ಈ ವರಸೆಗಳನ್ನು ಮಾಯಾಮಾಳವಗೌಳ ರಾಗದಲ್ಲಿ ಕಟ್ಟಿಕೊಟ್ಟವರು ಪುರಂದರದಾಸರು ಎಂಬುದು ಪರಂಪರೆಯ ಮಾತು. ಕಲಿಸಲು ಕುಳಿತ ಮೇಲೆಯೇ ಆ ಆಯ್ಕೆಯ ಜಾಣ್ಮೆ ನನಗೆ ತಿಳಿಯುತ್ತಿದೆ. ಒಂದು ಸ್ಥಾಯಿಯನ್ನು ಹನ್ನೆರಡು ಹೆಜ್ಜೆಗಳೆಂದು ಎಣಿಸಿದರೆ ಸ-ರಿ ಒಂದು ಹೆಜ್ಜೆ, ರಿ-ಗ ಮೂರು, ಗ-ಮ ಒಂದು. ಎರಡು ಹೆಜ್ಜೆ ದಾಟಿ ಪಂಚಮಕ್ಕೆ ಬಂದರೆ ಮತ್ತೆ ಅದೇ ನಡಿಗೆ: ಒಂದು, ಮೂರು, ಒಂದು. ಕೆಳಗಿನ ನಾಲ್ಕು ಸ್ವರ ಕಲಿತ ಮಗುವಿಗೆ ಮೇಲಿನ ನಾಲ್ಕು ಅರ್ಧ ಬಂದಂತೆಯೇ. ಮಗನಿಗೆ ಈ ತಿಂಗಳು ಕೆಳಗಿನ ನಾಲ್ಕೇ ಸಾಕು. ನಮಗೆ ಪರೀಕ್ಷೆಯ ತಾರೀಖಿಲ್ಲ.

ಈ ಶ್ರುತಿಯಲ್ಲಿ ಮೇಲಿನ ಷಡ್ಜ ಹಾಡುವಾಗ ನನ್ನ ಗಂಟಲು ಹಿಂಡಿದಂತಾಗುತ್ತದೆ. ಆದ್ದರಿಂದ ಅಲ್ಲಿ ಅಕ್ಕನೇ ಹಾಡಿ ತೋರಿಸುತ್ತಾಳೆ, ತಮ್ಮ ಅವಳ ಬಾಯಿಯನ್ನೇ ನೋಡುತ್ತಾನೆ. ನನ್ನ ದನಿಗಿಂತ ಅವಳ ದನಿ ಅವನಿಗೆ ಹತ್ತಿರ.

ಮಲಗಿಸುವಾಗ ಹೇಳಿದೆ: "ನಿನ್ನ ಗಂಟಲು ಕೆಟ್ಟಿರಲಿಲ್ಲ ಕಂದಾ. ನಾನು ಇಟ್ಟ ಶ್ರುತಿ ನಿನ್ನದಾಗಿರಲಿಲ್ಲ. ಅದು ನನ್ನ ತಪ್ಪು."

ಅವನು ಸ್ವಲ್ಪ ಹೊತ್ತು ಯೋಚಿಸಿದ. "ಹಾಗಾದರೆ ನಾಳೆ ಪೆಟ್ಟಿಗೆಯ ತಿರುಗಣೆಯನ್ನು ನಾನೇ ತಿರುಗಿಸಲೇ?"

ತಿರುಗಿಸು ಎಂದೆ. ಈಗಷ್ಟೇ ಹೋಗಿ ತಿರುಗಣೆಯ ಪಕ್ಕದಲ್ಲಿ, ಅವನ ಷಡ್ಜ ಇರುವಲ್ಲಿ, ಪೆನ್ಸಿಲಿನಿಂದ ಒಂದು ಗೆರೆ ಎಳೆದು ಬಂದಿದ್ದೇನೆ.