ಪೆಂಬ್ರೋಕ್‌ಶೈರ್ ಕರಾವಳಿ ಹಾದಿ: ಅಕ್ಟೋಬರ್ ವಾರದ ಪ್ರಗತಿ

ಟ್ರೆವಿನ್‌ನಿಂದ ಸ್ಯಾಂಡಿ ಹೇವನ್‌ವರೆಗಿನ ಭಾಗ ಮುಗಿಯಿತು. ವೇಲ್ಸ್‌ನ ನೈರುತ್ಯ ಮೂಲೆಯ ಈ ಹಾದಿ 1970ರಲ್ಲಿ ತೆರೆದದ್ದು, ಒಟ್ಟು 186 ಮೈಲಿ. ಈ ವಾರ ಆರು ದಿನ ನಡಿಗೆ. ಒಂದು ದಿನ ನೈರುತ್ಯ ಗಾಳಿ ಜೋರಾಗಿದ್ದರಿಂದ ರಜೆ. ಬಂಡೆಯಂಚಿನಲ್ಲಿ ಅಂಥ ಗಾಳಿಗೆ ಮೈಯೊಡ್ಡಬಾರದು.

ಲೆಕ್ಕ ಹಾಕಿದ್ದು ಕೊನೆಯ ದಿನದಿಂದ ಹಿಂದಕ್ಕೆ. ಡೇಲ್–ಸ್ಯಾಂಡಿ ಹೇವನ್ ನಡುವಿನ ಎರಡು ಅಳಿವೆಗಳನ್ನು ನೀರಿಳಿದಾಗ ಮಾತ್ರ ದಾಟಬಹುದು. ಗ್ಯಾನ್ ಅಳಿವೆಗೆ ಇಳಿತದ ಹಿಂದೆ ಮೂರೂವರೆ ತಾಸು, ಮುಂದೆ ಮೂರೂವರೆ ತಾಸು ಅವಕಾಶ. ಸ್ಯಾಂಡಿ ಹೇವನ್‌ಗೆ ಹಿಂದೆ ಮುಂದೆ ಎರಡೂವರೆ ತಾಸು ಮಾತ್ರ. ತಪ್ಪಿದರೆ ಮೊದಲನೆಯದಕ್ಕೆ 2.5 ಮೈಲಿ, ಎರಡನೆಯದಕ್ಕೆ 4 ಮೈಲಿ ಸುತ್ತು. ಹುಣ್ಣಿಮೆ, ಅಮಾವಾಸ್ಯೆ ಕಳೆದ ಒಂದೆರಡು ದಿನಕ್ಕೆ ಇಲ್ಲಿ ಇಳಿತ ನಡುಹಗಲಿಗೆ ಬೀಳುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಅದೇ ಹೊತ್ತಿಗೆ ನೀರು ತುಂಬಿರುತ್ತದೆ. ಹಾಗಾಗಿ ಮೊದಲು ಪಂಚಾಂಗ, ಆಮೇಲೆ ವಸತಿ.

ಹತ್ತಿರದ ಬಂದರು ಮಿಲ್‌ಫರ್ಡ್ ಹೇವನ್‌ನ ಉಬ್ಬರವಿಳಿತದ ಕೋಷ್ಟಕದಲ್ಲಿ ಕೊನೆಯ ದಿನದ ಇಳಿತ ಮಧ್ಯಾಹ್ನ 1:10. ಅದು ಜಿಎಂಟಿ, ಅಂದರೆ ಗ್ರೀನಿಚ್ ಸಮಯ. ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಗಡಿಯಾರ ಒಂದು ತಾಸು ಮುಂದಿರುವುದರಿಂದ ನಮಗೆ ಅದು 2:10. ತಾಸು ಸೇರಿಸುವುದನ್ನು ಮರೆತರೆ ದಡದಲ್ಲಿ ಕಾಯಬೇಕು, ಅಷ್ಟೇ. ಮೊದಲೇ ಬೇಸಿಗೆ ಸಮಯಕ್ಕೆ ತಿದ್ದಿದ ಕೋಷ್ಟಕಕ್ಕೆ ಇನ್ನೊಂದು ತಾಸು ಸೇರಿಸಿದರೆ ಮಾತ್ರ ಅಪಾಯ: ನೀರು ಏರುವಾಗ ಅಳಿವೆಗೆ ಇಳಿದಂತಾಗುತ್ತದೆ. ಕೋಷ್ಟಕದ ಅಡಿಬರಹ ಓದದೆ ಹೊರಡಬೇಡಿ. ದೊಡ್ಡ ಉಬ್ಬರದ ದಿನ ಇಲ್ಲಿ ಏರಿಳಿತ ಆರು ಮೀಟರ್ ದಾಟುತ್ತದೆ. ಮಂಗಳೂರಿನ ಕಡಲಲ್ಲಿ ಎರಡು ಮೀಟರೂ ಇಲ್ಲ. ಆ ಅಂದಾಜು ಇಟ್ಟುಕೊಂಡು ಇಲ್ಲಿ ನೀರಿಗಿಳಿಯುವಂತಿಲ್ಲ.

ಡೇಲ್ ಬಿಟ್ಟದ್ದು 11:15, ಸ್ಯಾಂಡಿ ಹೇವನ್ ತಲುಪಿದ್ದು 2:20. ಸುಮಾರು ಐದು ಮೈಲಿ. ಎರಡೂ ಕಡೆ ಕಾಲಡಿಯಲ್ಲಿ ಕಡಲಪಾಚಿ; ಹಿಮ್ಮಡಿ ಊರಿದರೆ ಜಾರುತ್ತದೆ, ಇಡೀ ಪಾದ ಊರಬೇಕು.

ಅದಕ್ಕೆ ಮೊದಲಿನ ಐದು ದಿನ: ಟ್ರೆವಿನ್–ವೈಟ್‌ಸ್ಯಾಂಡ್ಸ್, ವೈಟ್‌ಸ್ಯಾಂಡ್ಸ್–ಸಾಲ್ವಾ, ಸಾಲ್ವಾ–ಬ್ರಾಡ್ ಹೇವನ್, ಬ್ರಾಡ್ ಹೇವನ್–ಮಾರ್ಟಿನ್ಸ್ ಹೇವನ್, ಅಲ್ಲಿಂದ ಡೇಲ್. ದಿನಕ್ಕೆ 10ರಿಂದ 13 ಮೈಲಿ. ಅಕ್ಟೋಬರ್ ನಡುವಿನಲ್ಲಿ ಆರೂವರೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಹಾದಿಯಲ್ಲಿ ಹತ್ತಿಳಿಯುವುದು ಬಹಳ ಇರುವುದರಿಂದ ಗಂಟೆಗೆ ಎರಡು ಮೈಲಿಗಿಂತ ಹೆಚ್ಚು ಹಿಡಿಯಬಾರದು. ಭೂಪಟ ಬ್ರಿಟನ್ನಿನ ನಕ್ಷೆ ಸಂಸ್ಥೆ ಆರ್ಡ್ನನ್ಸ್ ಸರ್ವೆಯ ಒಎಲ್ 35 ಮತ್ತು ಒಎಲ್ 36. ಒಂದರಲ್ಲಿ ಈ ವಾರದ ಹಾದಿ ಮುಗಿಯದು. ಸೇಂಟ್ ಡೇವಿಡ್ಸ್‌ನಲ್ಲಿ ಬಿಡಾರ ಹೂಡಿದರೆ ಮೊದಲ ಎರಡು ದಿನಕ್ಕೆ ಟಿ11 ಬಸ್ಸು ಅನುಕೂಲ. ಬೇಸಿಗೆಯ ಕರಾವಳಿ ಬಸ್ಸುಗಳ ವೇಳಾಪಟ್ಟಿ ಶರತ್ಕಾಲಕ್ಕೆ ಬದಲಾಗುತ್ತದೆ, ಹಳೆಯದನ್ನು ನಂಬಬೇಡಿ.

ಕೇರ್‌ವೈ ಕೊಲ್ಲಿಯಲ್ಲಿ ಒಂದು ನಿಮಿಷ ನಿಲ್ಲಲೇಬೇಕು. ಮಳೆಯಲ್ಲಿ ನೆನೆದಾಗ ಅಲ್ಲಿನ ಮರಳುಗಲ್ಲು ನೇರಳೆ ಹಣ್ಣು ಹಿಂಡಿದ ಬಣ್ಣಕ್ಕೆ ತಿರುಗುತ್ತದೆ. ಸೇಂಟ್ ಡೇವಿಡ್ಸ್ ಕೆಥೆಡ್ರಲ್ ಕಟ್ಟಿದ್ದು ಈ ಕಲ್ಲಿನಿಂದಲೇ.

ಶರತ್ಕಾಲದಲ್ಲೇ ಇಲ್ಲಿಗೆ ಬರಬೇಕೆನ್ನಲು ದೊಡ್ಡ ಕಾರಣ ಬೂದು ಸೀಲ್‌ಗಳು. ಮಾರ್ಟಿನ್ಸ್ ಹೇವನ್ ಸುತ್ತಿನ ಕಲ್ಲುದಂಡೆಗಳಲ್ಲಿ ಬಿಳಿ ರೋಮದ ಮರಿಗಳು ಮಲಗಿರುತ್ತವೆ. ಒದ್ದೆಯಾದ ಮರಿ ತುಸು ಹಳದಿ ಕಾಣುತ್ತದೆ. ಮುಂಗಾಲಿನ ಈಜುರೆಕ್ಕೆಯಿಂದ ಹೊಟ್ಟೆ ಕೆರೆದುಕೊಂಡು ಮತ್ತೆ ನಿದ್ದೆಗೆ ಜಾರುತ್ತದೆ. ಸುಮಾರು ಮೂರು ವಾರ ತಾಯಿಯ ಹಾಲು, ಆಮೇಲೆ ತನ್ನ ಪಾಡು ತನಗೆ. ಒಂಟಿ ಮರಿಯನ್ನು ತಾಯಿ ಬಿಟ್ಟುಹೋಗಿದೆ ಎಂದುಕೊಂಡು ಕೆಳಗಿಳಿಯಬೇಡಿ. ತಾಯಿ ನೀರಿನಲ್ಲೇ ಇರುತ್ತದೆ, ಜನ ಕಂಡರೆ ದಡಕ್ಕೆ ಬರುವುದಿಲ್ಲ, ಮರಿಗೆ ಹಾಲು ತಪ್ಪುತ್ತದೆ. ಅಂಚಿನಲ್ಲಿ ನಿಂತು ಇಣುಕಿದರೂ ಅವು ಬೆದರುತ್ತವೆ. ಹಿಂದೆ ಸರಿದು ಕೂತು, ದುರ್ಬೀನಿನಲ್ಲಿ ನೋಡಿ.

ಬಾಕಿ: ಸ್ಯಾಂಡಿ ಹೇವನ್‌ನಿಂದ ಆಂಗಲ್, ಅಲ್ಲಿಂದ ಕ್ಯಾಸಲ್‌ಮಾರ್ಟಿನ್. ಅಲ್ಲಿ ಸೇನೆಯ ಗುಂಡಿನ ಅಭ್ಯಾಸ ನಡೆಯುವುದರಿಂದ ಕೆಂಪು ಬಾವುಟ ಹಾರುವ ದಿನ ಹಾದಿ ಮುಚ್ಚಿರುತ್ತದೆ. ಅಭ್ಯಾಸದ ದಿನಗಳ ಪಟ್ಟಿ ನೋಡಿಕೊಂಡು ಮುಂದಿನ ವಾರ ಗೊತ್ತುಮಾಡಬೇಕು.