ಹೆಗ್ಗೋಡಿನಿಂದ ಸುದ್ದಿ ಬರಬೇಕು

ನೀನಾಸಮ್ ರಂಗಶಿಕ್ಷಣ ಕೇಂದ್ರದ ಸಂದರ್ಶನ ಮುಗಿಸಿ ಬಂದಿದ್ದೇನೆ. ಆಯ್ಕೆಯ ಸುದ್ದಿ ಇನ್ನೂ ಇಲ್ಲ. ಫೋನ್ ಸದ್ದಾದರೆ ಸಾಕು, ಎದೆ ಧಸಕ್ ಅನ್ನುತ್ತದೆ.

1980ರಲ್ಲಿ ಕೆ.ವಿ. ಸುಬ್ಬಣ್ಣನವರು ಸಾಗರದ ಹತ್ತಿರದ ಹೆಗ್ಗೋಡು ಎಂಬ ಹಳ್ಳಿಯಲ್ಲಿ ಶುರು ಮಾಡಿದ ಶಾಲೆ ಅದು. ಒಂದು ವರ್ಷ ಅಲ್ಲೇ ಉಳಿದು, ಅಡಿಕೆ ತೋಟಗಳ ನಡುವೆ, ನಾಟಕವನ್ನು ಕನ್ನಡದಲ್ಲೇ ಕಲಿಯಬಹುದು. ನನ್ನಂಥ ಸಣ್ಣ ಊರಿನವರಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇಕಾ? ಊರೂರು ಸುತ್ತಿ ನಾಟಕ ಆಡುವ ನೀನಾಸಮ್‌ನ ತಂಡ ‘ತಿರುಗಾಟ’ ನಮ್ಮೂರಿಗೆ ಬಂದಾಗಲೇ ನನಗೆ ಈ ಹುಚ್ಚು ಹತ್ತಿದ್ದು.

ಅಮ್ಮ ‘ಸಿಗುತ್ತೆ ಬಿಡು ಮಗಾ’ ಅನ್ನುತ್ತಾಳೆ. ಅಪ್ಪ ಏನೂ ಕೇಳುವುದಿಲ್ಲ. ಆದರೆ ಬಿ.ಎಡ್. ವಿಷಯ ಎತ್ತುವುದನ್ನು ಬಿಟ್ಟಿದ್ದಾರೆ, ಅದೇ ನನಗೆ ಜಾಸ್ತಿ.

ಕಾಯುವಾಗಲೇ ಅಲ್ವಾ, ನಮಗೆ ನಿಜಕ್ಕೂ ಏನು ಬೇಕು ಅಂತ ತಿಳಿಯೋದು? ಈ ಸಲ ಆಗದಿದ್ದರೆ ಮುಂದಿನ ವರ್ಷ ಮತ್ತೆ ಅರ್ಜಿ ಹಾಕುತ್ತೇನೆ.