ಮಹಶೀರ್ ಹಳ್ಳ: ಮಳೆ ಮುಗಿದ ಮೇಲೆ

ಖಾನಾಪುರದ ಹತ್ತಿರ ಮಲಪ್ರಭೆಗೆ ಸೇರುವ ನಮ್ಮ ಹಳ್ಳದ ನೀರು ಈಗ ತಿಳಿಯಾಗಿದೆ. ಮಹಶೀರ್ ಮೀನು ಮೊಟ್ಟೆ ಇಡಲಿ ಅಂತ ಬೇಸಿಗೆಯಲ್ಲಿ ನಾವು ತಿರುವಿನ ಹತ್ತಿರ ಹರವಿದ್ದ ಹರಳುಕಲ್ಲಿನಲ್ಲಿ ಅರ್ಧ ಕೊಚ್ಚಿಹೋಗಿದೆ. ಹೋಗಲಿ ಬಿಡಿ, ಅದು ನಿಂತದ್ದು ಕೆಳಗಿನ ಮಡುವಿನ ಬಾಯಲ್ಲೇ. ನಾವು ಆರಿಸಿದ್ದಕ್ಕಿಂತ ಒಳ್ಳೆ ಜಾಗ.

ಮಹಶೀರ್ ಮೊಟ್ಟೆ ಇಡುವುದು ಮಳೆಗಾಲದಲ್ಲಿ, ಹರಿಯುವ ನೀರಿನ ಹರಳಿನ ಮೇಲೆ. ಮೊಟ್ಟೆ ತೇಲುವುದಿಲ್ಲ, ತಳಕ್ಕೆ ಇಳಿಯುತ್ತದೆ. ಸಂದಿಯಲ್ಲಿ ರಾಡಿ ತುಂಬಿದರೆ ಉಸಿರುಗಟ್ಟಿ ಸಾಯುತ್ತದೆ. ಸಾಲ್ಮನ್, ಟ್ರೌಟ್ ಮೀನುಗಳು ಬಾಲದಿಂದ ಹರಳು ತೋಡಿ ಮೊಟ್ಟೆ ಮುಚ್ಚುತ್ತವೆ, ಅವಕ್ಕೂ ರಾಡಿಯೇ ಶತ್ರು. ಹಾಗಾಗಿ ನಮಗೆ ಮೀನಿಗಿಂತ ಮಣ್ಣಿನ ಕೆಲಸವೇ ಜಾಸ್ತಿ. ದಂಡೆಯ ಹೊಂಗೆ, ನೇರಳೆ ಬೇರು ಹಿಡಿದಿವೆ. ಎಮ್ಮೆ ಇಳಿಯುವ ದಾರಿ ಮಾತ್ರ ಕುಸಿಯುತ್ತಲೇ ಇದೆ. ಎಮ್ಮೆಗೆ ಬೇಡ ಅನ್ನೋಕಾಗುತ್ತಾ? ಕಲ್ಲು ಹಾಸಬೇಕು.

ಮೊನ್ನೆ ಅಂಗೈ ಅಗಲದ ಕಲ್ಲೊಂದನ್ನು ಎತ್ತಿ ಮಗುಚಿದೆ. ಚಪ್ಪಟೆ ಮೈಯ, ಎಳೆಯಂಥ ಬಾಲದ ಮರಿಗಳು, ಮೇಫ್ಲೈ ಎಂಬ ಹುಳದವು, ಬೆಳಕು ಬಿದ್ದದ್ದೇ ತಡ, ಸರಸರ ಇನ್ನೊಂದು ಮಗ್ಗುಲಿಗೆ ಓಡಿದವು. ಕೊಳಕು ನೀರಲ್ಲಿ ಇವು ಬಾಳುವುದಿಲ್ಲ. ಮಹಶೀರ್ ಇನ್ನೂ ಕಂಡಿಲ್ಲ.

"ಸುಮ್ನೆ ಮರಿ ತಂದು ಬಿಡೋಣ" ಅನ್ನೋ ವಾದ ನಮ್ಮ ಗೆಳೆಯರಲ್ಲಿ ಮತ್ತೆ ಎದ್ದಿದೆ. ನನಗೆ ಒಪ್ಪಿಗೆಯಿಲ್ಲ. ಮಹಾರಾಷ್ಟ್ರದ ಲೋನಾವಳದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ನಮ್ಮ ಮಲಪ್ರಭೆ ಸೇರುವ ಕೃಷ್ಣಾ ಕಣಿವೆಯದೇ ಮೀನು, ನಿಜ. ಆದರೆ ಅದನ್ನೇ ಕಾವೇರಿಗೆ ಬಿಟ್ಟ ಮೇಲೆ ಅಲ್ಲಿನ ಕಿತ್ತಳೆ ರೆಕ್ಕೆಯ ಡುಬ್ಬದ ಮಹಶೀರ್ ಕಡಿಮೆಯಾಗುತ್ತಾ ಬಂತು. ಈಗ ಅದು ಅಳಿವಿನ ಅಂಚಿನಲ್ಲಿದೆ. ಅಮೆರಿಕದ ಮೊಂಟಾನಾದಲ್ಲಂತೂ ಕಾಡು ಟ್ರೌಟ್ ಇರುವ ನದಿಗಳಿಗೆ ಸಾಕಿದ ಮರಿ ಬಿಡುವುದನ್ನು 1974ರಲ್ಲೇ ನಿಲ್ಲಿಸಿದರು. ಅದಕ್ಕೂ ಮುಂಚೆ ಮ್ಯಾಡಿಸನ್ ನದಿಯಲ್ಲಿ ನಿಲ್ಲಿಸಿ ನೋಡಿದಾಗ ಕಾಡು ಟ್ರೌಟ್ ಹೆಚ್ಚಾಗಿದ್ದವು. ಜಾಗ ಸರಿಯಿಲ್ಲದೆ ಮರಿ ಬಿಟ್ಟರೆ ಫೋಟೋಕ್ಕೆ ಚೆಂದ, ಅಷ್ಟೇ.

ದೊಡ್ಡ ತೊಡಕು ಬಾಂದಾರ, ಅಂದರೆ ಹಲಗೆ ಹಾಕಿ ನೀರು ನಿಲ್ಲಿಸಲು ಹಳ್ಳಕ್ಕೆ ಅಡ್ಡ ಕಟ್ಟಿದ ಗಿಡ್ಡ ಕಟ್ಟೆ. ಮಳೆಗಾಲದಲ್ಲಿ ಹಲಗೆ ತೆಗೆದಿರುತ್ತಾರಲ್ಲ, ಮೀನು ಏರಬಹುದು ಅಂದುಕೊಳ್ಳುತ್ತೇವೆ. ಬಲೆ ಹಾಕುವ ಕಾಕಾ ನಕ್ಕರು: "ಬಾಗಿಲಾ ತಗದ್ರ ಏನಾತ್ರೀ ಸರ, ಹೊಸ್ತಿಲಾನ ಎತ್ತರ ಐತಲ್ಲ!" ಹೋಗಿ ನೋಡಿದರೆ ಹೌದು. ಕಾಂಕ್ರೀಟ್ ತಳದ ಅಂಚಿನಿಂದ ನೀರು ನೇರ ಧುಮುಕುತ್ತದೆ. ಕೆಳಗೆ ಆಳವಿಲ್ಲ, ಮೀನಿಗೆ ಎಗರಲು ಓಟವೇ ಸಿಗುವುದಿಲ್ಲ.

ಒಂದು ಬದಿಗೆ ದೊಡ್ಡ ಕಲ್ಲು ಜೋಡಿಸಿ ಇಳಿಜಾರು ಮಾಡುವ ವಿಚಾರವಿದೆ. ಅನುಮತಿಗೆ ಅರ್ಜಿ ಕೊಟ್ಟಾಗಿದೆ. ರೈತರೂ ಒಪ್ಪಿದ್ದಾರೆ, ಹಲಗೆಗೆ ಮಾತ್ರ ಕೈ ಹಚ್ಚಬಾರದು ಅನ್ನೋ ಷರತ್ತಿನ ಮೇಲೆ.